ನಲ್ಲಿ ನೀರು ಕುಡಿಯದ ಬೀದಿ

ಆ ಬೀದಿಯಲ್ಲಿ ಉಳ್ಳವರೂ ಇದ್ದರು, ಇಲ್ಲದವರೂ ಇದ್ದರು, ಎರಡರ ನಡುವೆ ಸಿಕ್ಕಿಕೊಂಡು ಒದ್ದಾಡುವವರು ಎಲ್ಲರಿಗಿಂತ ಹೆಚ್ಚಾಗಿದ್ದರು. ಬಾಡಿಗೆ ಕಟ್ಟಲು ತಿಣುಕುವವರ ಮನೆಯೆದುರೂ ಬೆಳಗಾದರೆ ಒಂದು ಖಾಲಿ ನೀರಿನ ಕ್ಯಾನ್ ಹೊಸಿಲ ಹೊರಗೆ ಕಾದು ಕೂತಿರುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲವೆಂದಲ್ಲ. ಧಾರಾಳವಾಗಿ ಬರುತ್ತಿತ್ತು, ತಳ ಕಾಣುವಷ್ಟು ತಿಳಿಯಾಗಿ. ಅದರಲ್ಲಿ ಸ್ನಾನ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಗಿಡಕ್ಕೆ ಹಾಕುತ್ತಿದ್ದರು. ಒಂದು ಗುಟುಕು ಮಾತ್ರ ಯಾರೂ ಕುಡಿಯುತ್ತಿರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಆ ಬೀದಿಗೆ ಬಂದದ್ದು ಬೆಳಕಿಗಾಗಿ. ಸೊಸೆಯ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬೊಚ್ಚುಬಾಯಿಯವರ ಅಚ್ಚು ತೆಗೆದು ಕಳಿಸುತ್ತಿದ್ದರು. ಇವಳು ಅದಕ್ಕೆ ಪ್ಲಾಸ್ಟರ್ ಹುಯ್ದು, ಆ ದವಡೆಯ ಬಿಳಿ ಮಾದರಿ ಮಾಡಿಕೊಂಡು, ಅದರ ಮೇಲೆ ಮೇಣದ ವಸಡು ಕೂರಿಸಿ ಒಂದೊಂದೇ ಹಲ್ಲು ಜೋಡಿಸುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರು ಅನ್ನ ನುಂಗುವಾಗ ಶಾಪ ಹಾಕುತ್ತಾರೆ. ಹಾಗಾಗಿ ನೆರಳು ಬೀಳದ ಬೆಳಕು ಬೇಕು. ಈ ಮನೆಯ ಹಿಂದಿನ ಕೋಣೆಗೆ ಅಂಥ ಬೆಳಕು ದಿನವಿಡೀ ಬೀಳುತ್ತಿತ್ತು. ಬಾಡಿಗೆಯೂ ಕಡಿಮೆ. ಕಡಿಮೆ ಯಾಕೆ ಎಂದು ಕೇಳುವಷ್ಟು ಬುದ್ಧಿ ಇಬ್ಬರಿಗೂ ಇತ್ತು, ಕೇಳಲಿಲ್ಲ ಅಷ್ಟೆ. ಅಗ್ಗಕ್ಕೆ ಸಿಕ್ಕಿದ್ದನ್ನು ಪ್ರಶ್ನೆ ಕೇಳಿ ಯಾರು ತಾನೇ ಕೆಡಿಸಿಕೊಳ್ಳುತ್ತಾರೆ?

ಅತ್ತೆ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಹಿಂದಿನ ಸೀಟಿನ ತನಕ ಮುಟ್ಟಬೇಕಾದ ದನಿ ಅವರದು. ಕೆಲಸ ಬಿಟ್ಟ ಮೇಲೂ ಅದನ್ನು ತಗ್ಗಿಸಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಸೊಸೆಗೆ ನಲವತ್ತು ದಾಟಿದ್ದರೂ ಅವರ ಪಾಲಿಗೆ ಅವಳು ‘ಏ ಹುಡುಗಿ’ಯೇ. ಮಗ ಜ್ವರದಲ್ಲಿ ತೀರಿಕೊಂಡಾಗ ನೆಂಟರು ಒಬ್ಬರ ಹಿಂದೆ ಒಬ್ಬರು ಬಂದು, ಸೊಸೆಯನ್ನು ತವರಿಗೆ ಕಳಿಸಿಬಿಡಿ, ಇನ್ನು ನಿಮಗೂ ಅವಳಿಗೂ ಏನು ಸಂಬಂಧ ಎಂದಿದ್ದರು. ಅತ್ತೆ ಸೊಂಟಕ್ಕೆ ಕೈಯಿಟ್ಟು, “ಟಿಕೆಟ್ ಹರಿದಾಗಿದೆ. ಕೊನೇ ಸ್ಟಾಪ್ ತನಕ ಇವಳು ಇಳಿಯೋ ಹಾಗಿಲ್ಲ. ನೀವು ಮುಂದೆ ಹೋಗಿ” ಎಂದು ಬಾಗಿಲು ತೋರಿಸಿದ್ದರು. ಸೊಸೆಗೆ ಲೋಕದಲ್ಲಿ ತನ್ನದೆಂದು ಉಳಿದದ್ದು ಆ ಒಂದು ದನಿ.

ಬಂದ ವಾರದಲ್ಲೇ ಕ್ಯಾನಿನವನು ಬಾಗಿಲು ತಟ್ಟಿದ. ಭುಜದ ಮೇಲೊಂದು ತುಂಬಿದ ಕ್ಯಾನ್ ಇತ್ತು, ಇಳಿಸುವ ಮೊದಲೇ ಒಪ್ಪಿಗೆ ಸಿಕ್ಕಿದೆ ಎನ್ನುವಂಥ ನಗು.

“ಯಾಕಪ್ಪಾ, ನಲ್ಲಿ ನೀರಿಗೆ ಏನಾಗಿದೆ?” ಎಂದರು ಅತ್ತೆ.

“ಏನೂ ಆಗಿಲ್ಲಮ್ಮ. ತುಂಬಾ ಚೆನ್ನಾಗಿದೆ.”

“ಮತ್ತೆ?”

“ಚೆನ್ನಾಗಿರೋದೇ ತೊಂದ್ರೆ ಅಂತಾರೆ,” ಎಂದು ಅವನು ಸಿಂಕಿನ ಕಡೆ ಕಣ್ಣು ಹಾಯಿಸಿ, ಬೇಗ ಬೇರೆ ಕಡೆ ನೋಡಿದ.

ಅಕ್ಕಪಕ್ಕದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಪಕ್ಕದ ಮನೆಯವರಿಗೆ ಔಷಧಿ ವಾಸನೆ. ಮೂಲೆಯಂಗಡಿಯವನಿಗೆ ಮೂತ್ರಪಿಂಡದಲ್ಲಿ ಕಲ್ಲಾಗುವ ಭಯ. ಮಹಡಿಯ ಮೇಲಿನವರು, ಬಂದವರಿಗೆ ನಲ್ಲಿ ನೀರು ಕೊಟ್ಟರೆ ಏನಂದುಕೊಳ್ಳುತ್ತಾರೆ ಎಂದರು. ನೀರಿನ ಕಚೇರಿಯವರು ಮಾತ್ರ ಬಂದು ಸೀಸೆಯಲ್ಲಿ ಹಿಡಿದುಕೊಂಡು ಹೋಗಿ, ಇಷ್ಟು ಒಳ್ಳೆಯ ನೀರು ಇನ್ನೆಲ್ಲೂ ಇಲ್ಲ ಎಂದು ಹೇಳಿ ಕಳಿಸಿದ್ದರಂತೆ. ಸೊಸೆಗೆ ವಿಚಿತ್ರವೆನಿಸಿದ್ದು ಕಾರಣಗಳಲ್ಲ. ನೀರಿನ ಮಾತೆತ್ತಿದೊಡನೆ ಎಲ್ಲರೂ ದನಿ ತಗ್ಗಿಸುತ್ತಿದ್ದರು, ಪಕ್ಕದ ಕೋಣೆಯಲ್ಲಿ ಯಾರೋ ಹಿರಿಯರು ಮಲಗಿದ್ದಾರೆ ಎನ್ನುವಂತೆ.

ಸೊಸೆಯದು ಮೊದಲಿಂದಲೂ ಕೆಟ್ಟ ಹೊಟ್ಟೆ. ಊರಿಗೆಲ್ಲ ಆಗದ ನೀರು ನನಗೆ ಆದೀತೇ ಎಂದುಕೊಂಡು ತನಗೊಂದು ಕ್ಯಾನ್ ಇಳಿಸಿಕೊಂಡಳು. ಅತ್ತೆಗೆ ಅದೇ ಒಂದು ಮೋಜು. “ನೀರಿಗೂ ಟಿಕೆಟ್ ತಗೋಬೇಕಾ? ನಾಳೆ ಗಾಳಿನೂ ಡಬ್ಬೀಲಿ ತರ್ಸು. ನಾನು ಪಾಸ್ ಇರೋಳು ಕಣೇ,” ಎಂದು ಸಿಂಕಿನ ಮುಂದೆ ನಿಂತೇ ಲೋಟ ಹಿಡಿದು ಗಟಗಟ ಕುಡಿಯುತ್ತಿದ್ದರು. ಕುಡಿದು, ತುಟಿ ಒರೆಸಿಕೊಂಡು, ಒಮ್ಮೆ ಮಾತ್ರ ಖಾಲಿ ಲೋಟದೊಳಗೆ ಇಣುಕಿ ನೋಡಿದರು. “ಈ ನೀರು ಮುಂಚೆ ಎಲ್ಲೋ ಕುಡಿದ ಹಾಗಿದೆ. ಎಷ್ಟೋ ವರ್ಷ ಕುಡಿದ ಹಾಗಿದೆ.” ಸೊಸೆ ಮೇಣ ಕಾಯಿಸುತ್ತಿದ್ದಳು. ಹೂಂ ಎಂದಳೇ ಹೊರತು ತಲೆ ಎತ್ತಲಿಲ್ಲ.

ಮೊದಲು ಆದದ್ದು ತೀರಾ ಸಣ್ಣದು. ಒಂದು ಬೆಳಿಗ್ಗೆ ಅತ್ತೆ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು, “ನಿಮಗೆ ಟೀ ಮಾಡ್ಲಾ?” ಎಂದು ಕೇಳಿದರು.

ಸೊಸೆ ನಕ್ಕಳು. “ಏನತ್ತೆ, ಇವತ್ತು ಇಷ್ಟೊಂದು ಮರ್ಯಾದೆ?”

ಅತ್ತೆ ನಗಲಿಲ್ಲ. ಹೊಸ ಮನೆಗೆ ಬಂದು ಏನೋ ತಪ್ಪಾಡಿದವರಂತೆ ಮುಂಗೈ ಉಜ್ಜಿಕೊಳ್ಳುತ್ತ ಒಳಗೆ ಹೋದರು.

ಆಮೇಲೆ ಗೋಡೆಯ ಸಂಗತಿ. ಅಡುಗೆಮನೆಗೆ ಕಾಲಿಡುವಾಗ ಅತ್ತೆಯ ಕೈ ಬಾಗಿಲ ಎಡಗಡೆಯ ಗೋಡೆಯನ್ನು ಸವರುತ್ತಿತ್ತು. ದೀಪದ ಸ್ವಿಚ್ಚಿದ್ದದ್ದು ಬಲಗಡೆ. ದಿನವೂ ಸವರುವುದು, ದಿನವೂ ಗಲಿಬಿಲಿಗೊಳ್ಳುವುದು. ಸೊಸೆಗೆ ತಡೆಯಲಾಗಲಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ಕೆಲಸದ ಚೂಪು ಕತ್ತಿ ತಂದು ಅದೇ ಜಾಗದಲ್ಲಿ ಬಣ್ಣ ಕೆರೆದಳು. ಒಳಗೆ ಸಿಮೆಂಟು ಮೆತ್ತಿ ಮುಚ್ಚಿದ ಒಂದು ದುಂಡು ಗುಳಿ, ಅದರಿಂದ ಹೊರಗೆ ಮುಖ ಹಾಕಿದ್ದ ಹಳೆಯ ತಂತಿಯ ತುದಿ.

ಅತ್ತೆಯ ದನಿ ಇಳಿಯುತ್ತ ಬಂತು. ಬಟ್ಟೆಯನ್ನು ಸುರುಳಿ ಸುತ್ತಿ ಕಪಾಟಿಗೆ ತುರುಕುತ್ತಿದ್ದ ಹೆಂಗಸು ಈಗ ಅಂಗೈಯಗಲದ ಚೌಕ ಮಡಿಸಿ, ಅಂಚಿಗೆ ಉಗುರು ಎಳೆದು ಇಡುತ್ತಿದ್ದರು. ನಡೆಯುವುದು ಕೇಳಿಸುತ್ತಿರಲಿಲ್ಲ. ಡಾಕ್ಟರು ಬಾಯಿ ತುಂಬ ನಕ್ಕು, ವಯಸ್ಸಾಯಿತಲ್ಲ, ಮರೆವು ಸಹಜ ಎಂದರು. ಇರಬಹುದು. ತನ್ನ ಮನೆಯ ಸ್ವಿಚ್ಚು ಮರೆತರೆ ಅದು ಮರೆವು, ಒಪ್ಪೋಣ. ಇನ್ನೊಬ್ಬರ ಕಾಲದ ಸ್ವಿಚ್ಚು ನೆನಪಾದರೆ ಅದಕ್ಕೇನು ಹೆಸರು? ಅದಕ್ಕೆ ಡಾಕ್ಟರ ಹತ್ತಿರ ಮಾತ್ರೆ ಇರಲಿಲ್ಲ.

ಕೊನೆಗೆ ಬಾಯಿಬಿಟ್ಟದ್ದು ಎದುರುಮನೆಯ ಟೈಲರಮ್ಮ. ಸೊಸೆ ಗೋಡೆಯ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಆಕೆ ಹೊಲಿಗೆ ಮೆಷೀನಿನ ಮೇಲಿಂದ ಕಾಲು ತೆಗೆದು ಎದ್ದುಬಂದಳು.

“ನಿಮ್ಮತ್ತೆ ಹಸಿನೀರು ಕುಡಿದ್ರಾ?”

“ಬಂದಾಗಿಂದ ಅದೇ ಕುಡೀತಿದ್ದಾರೆ.”

“ಅಯ್ಯೋ ದೇವ್ರೇ.” ಟೈಲರಮ್ಮ ಕಿಟಕಿ ಮುಚ್ಚಿದಳು. “ಆ ಮನೇಲಿ ಮುಂಚೆ ಒಬ್ಬರು ಹೆಂಗಸಿದ್ರು. ಲೈಬ್ರರೀಲಿ ಕೆಲಸ. ಜೀವಮಾನ ಎಲ್ಲಾ ಪಿಸುಮಾತಲ್ಲೇ ಕಳೆದವರು. ಅವರು ಹೋದ್ರು, ಆದ್ರೆ ಹೋಗ್ಲಿಲ್ಲ. ಈ ಬೀದೀಲಿ ಯಾರೂ ಪೂರ್ತಿ ಹೋಗಲ್ಲ. ಒಂದೊಂದು ಮನೆ ನಲ್ಲೀಲೂ ಒಬ್ಬೊಬ್ಬರಿದ್ದಾರೆ. ಕೆಟ್ಟೋರಲ್ಲ ಅವರು. ಇರೋಕೊಂದು ಜಾಗ ಬೇಕು, ಅಷ್ಟೆ. ಕುದಿಸಿದ್ರೆ ಏನೂ ಆಗಲ್ಲ, ಆದ್ರೂ ಕುಡಿಯೋಕೆ ಯಾರಿಗೂ ಧೈರ್ಯ ಬರಲ್ಲ. ಹಸಿನೀರು ಬಾಯಿಗೆ ಹೋಗಬಾರದು.”

“ಮೊದಲೇ ಹೇಳಬಾರದಿತ್ತಾ?” ಸೊಸೆಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ಔಷಧಿ ವಾಸನೆ, ಕಲ್ಲು, ಮಣ್ಣು ಅಂತ ಏನೇನೋ ಹೇಳಿದ್ರಲ್ಲ ಎಲ್ಲರೂ!”

“ಇದನ್ನ ಹೇಳಿದ್ರೆ ನಂಬ್ತಿದ್ರಾ? ವಾಸನೆ ಅಂದ್ರೆ ಎಲ್ಲರೂ ನಂಬ್ತಾರೆ,” ಎಂದಳು ಟೈಲರಮ್ಮ. ನಂತರ ಮೆತ್ತಗೆ, “ನಿಲ್ಲಿಸಿ. ನಿಲ್ಲಿಸಿದ್ರೆ ವಾಪಸ್ ಬರ್ತಾರೆ. ನಮ್ಮ ಮಾವ ಬಂದ್ರು, ದಿನಾ ಒಂಚೂರು ಒಂಚೂರು. ಆದ್ರೆ ಬಾಯಿಗೆ ಒಂದು ಹನಿ ಬಿದ್ರೂ ಮತ್ತೆ ಹಿಂದಕ್ಕೆ.”

ಸೊಸೆ ಆವತ್ತಿನಿಂದ ಕಾವಲಿಗೆ ನಿಂತಳು. ಅತ್ತೆ ಬಾಯಿ ಮುಕ್ಕಳಿಸುವುದಕ್ಕೂ ಕ್ಯಾನಿನ ನೀರು. ಸ್ನಾನ ಮಾಡುವಾಗ ತುಟಿ ಬಿಗಿಹಿಡಿಯಿರಿ ಎಂದು ಬಚ್ಚಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಅಡುಗೆಮನೆಯ ನಲ್ಲಿಯ ತಿರುಪು ಬಿಚ್ಚಿ ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಳು. ತನಗೆ ಬೇಕಾದಾಗ ಹಾಕಿ ತಿರುಗಿಸುವುದು, ಮತ್ತೆ ಬಿಚ್ಚಿ ಜೇಬಿಗಿಡುವುದು. ಅತ್ತೆ ಯಾವುದಕ್ಕೂ ಎದುರಾಡಲಿಲ್ಲ. ಎದುರಾಡದ ಅತ್ತೆಯನ್ನು ನೋಡಿದರೆ ಅವಳಿಗೆ ಇನ್ನಷ್ಟು ಭಯವಾಗುತ್ತಿತ್ತು. ವಾರಗಳು ಕಳೆದವು. ಒಂಚೂರೂ ವಾಪಸ್ ಬರಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಅವರು ಬಾಯಿಯಿಂದ ಸೆಟ್ಟು ತೆಗೆದು, ತಮ್ಮದಲ್ಲದ ವಸ್ತು ಹಿಂತಿರುಗಿಸುವವರಂತೆ ಕರವಸ್ತ್ರದ ಮೇಲಿಟ್ಟು ಮುಂದೆ ಚಾಚಿದರು.

“ಇದು ಯಾರದೋ ಇರಬೇಕಮ್ಮ. ಗೊತ್ತಿಲ್ಲದೆ ಹಾಕ್ಕೊಂಡಿದ್ದೀನಿ. ಅವರು ಹುಡುಕ್ತಿರ್ತಾರೆ ಪಾಪ.”

ಆ ಸೆಟ್ಟನ್ನು ಸೊಸೆಯೇ ಮಾಡಿದ್ದು. ಅವಳು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದು. ಅತ್ತೆಯ ಕೆಳದವಡೆಯ ಎಡಭಾಗ ಕುಸಿದಿತ್ತು. ಹಿಂದೊಮ್ಮೆ ಡ್ರೈವರು ಗಕ್ಕನೆ ಬ್ರೇಕ್ ಹಾಕಿದಾಗ ಬಸ್ಸಿನ ಕಂಬಕ್ಕೆ ಮುಖ ಬಡಿದು, ಹಲ್ಲುಗಳ ಜೊತೆ ಮೂಳೆಯೂ ಒಂದಿಷ್ಟು ಹೋಗಿತ್ತು. ಆ ತಗ್ಗು ತುಂಬುವಂತೆ ಗುಲಾಬಿ ವಸಡನ್ನು ಅಲ್ಲಿ ದಪ್ಪಗೆ ಬಿಟ್ಟು ಮಾಡಿದ ಸೆಟ್ಟು, ಇನ್ಯಾರ ಬಾಯಿಗೂ ಕೂರುವಂಥದಲ್ಲ. ಸೊಸೆ ಅಚ್ಚಿನ ಹಿಟ್ಟು ಕಲಸಿದಳು. “ಬಾಯಿ ತೆಗೀರಿ ಅತ್ತೆ” ಎಂದಳು. ಅವರು ತೆಗೆದರು.

ಪ್ಲಾಸ್ಟರ್ ಒಣಗಿದ ಮೇಲೆ ಹೊಸ ಮಾದರಿಯನ್ನು, ಹಿಂದೆ ಆ ಸೆಟ್ಟಿಗೆಂದು ಮಾಡಿಟ್ಟಿದ್ದ ಹಳೆಯದರ ಪಕ್ಕದಲ್ಲಿ ಇಟ್ಟಳು. ಬೆಳಕು ಚೆನ್ನಾಗಿತ್ತು, ಕಣ್ಣಿಗೆ ಮೋಸವಾಗುವ ಮಾತೇ ಇರಲಿಲ್ಲ. ಹೊಸ ದವಡೆ ಅಗಲ. ಅಂಗುಳ ಎತ್ತರ. ಎಡಭಾಗದಲ್ಲಿ ತಗ್ಗಿಲ್ಲ, ಯಾವ ಕಂಬಕ್ಕೂ ಎಂದೂ ಬಡಿಯದ ನುಣುಪಾದ ದಿಣ್ಣೆ. ಸೊಸೆ ಮುಖಗಳನ್ನು ಮರೆಯುತ್ತಾಳೆ, ದವಡೆಗಳನ್ನು ಮರೆಯುವವಳಲ್ಲ. ಹೊರಗೆ ಕುರ್ಚಿಯಲ್ಲಿ ಕೂತಿದ್ದದ್ದು ಅತ್ತೆಯ ಮುಖ, ಅತ್ತೆಯ ಕೈ, ಅತ್ತೆಯ ಕತ್ತಿನ ಮಚ್ಚೆ. ಆ ಬಾಯಿಯೊಳಗೆ ಇನ್ನೊಬ್ಬಳು ಬಂದು ಕೂತಿದ್ದಳು.

ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆಯಲು ಸಿಂಕಿಗೆ ಹೋದಳು. ಜೇಬಿನಿಂದ ತಿರುಪು ತೆಗೆದು ನಲ್ಲಿಗೆ ಹಾಕುವಾಗ ಕಿಟಕಿಕಟ್ಟೆಯ ಮೇಲಿದ್ದ ಮುಚ್ಚಳದ ಡಬ್ಬಿ ಕಣ್ಣಿಗೆ ಬಿತ್ತು. ಅತ್ತೆ ಮಲಗುವ ಮುಂಚೆ ಸೆಟ್ಟನ್ನು ಅದರಲ್ಲಿ ನೆನೆಹಾಕುವುದು. ಒಣಗಲು ಬಿಟ್ಟರೆ ಸೆಟ್ಟು ಬಿರುಕು ಬಿಡುತ್ತದೆ, ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಇದು ಅವಳ ಕಸುಬಿನ ಮೊದಲ ಪಾಠ. ಹಾಗಾಗಿ ಪ್ರತಿ ಸಂಜೆ ತಪ್ಪದೆ ತಾನೇ ಡಬ್ಬಿ ತೊಳೆದು, ತಾನೇ ತಣ್ಣೀರು ತುಂಬಿಸಿಡುತ್ತಿದ್ದಳು. ನಲ್ಲಿಯ ನೀರು. ಕುಡಿಯುವ ನೀರನ್ನು ಹಲ್ಲಿನ ಡಬ್ಬಿಗೆ ಯಾರು ಸುರಿಯುತ್ತಾರೆ? ಬೆಳಿಗ್ಗೆ ಎದ್ದು ಅದೇ ತೊಟ್ಟಿಕ್ಕುವ ಸೆಟ್ಟನ್ನು ತಾನೇ ಅತ್ತೆಯ ಬಾಯಿಗಿಡುತ್ತಿದ್ದಳು, ಅಕ್ಕರೆಯಿಂದ, ಒಂದು ದಿನವೂ ಬಿಡದೆ. ಡಬ್ಬಿಯಲ್ಲಿದ್ದ ನೀರನ್ನು ಸಿಂಕಿಗೆ ಚೆಲ್ಲಿ ಅಲ್ಲೇ ನೆಲದ ಮೇಲೆ ಕೂತಳು. ನನ್ನ ಕೈಯಾರೆ ಮಾಡಿದೆ, ನನ್ನ ಕೈಯಾರೆ, ಎಂದು ತನಗೆ ತಾನೇ ಹೇಳಿಕೊಂಡು ಅತ್ತಳು.

ಅತ್ತಾದ ಮೇಲೆ ಎದ್ದಳು. ಇನ್ನೂ ಎಲ್ಲ ಮುಗಿದಿಲ್ಲ ಎನಿಸಿತು. ಡಬ್ಬಿಯನ್ನು ಕುದಿಸಿ ತೊಳೆದಳು, ಕ್ಯಾನಿನ ನೀರು ತುಂಬಿದಳು. ಮತ್ತೆ ಕಸುಬಿನಲ್ಲೇ ಇನ್ನೊಂದು ಮಾತಿದೆ. ಸೆಟ್ಟು ವಸಡಿನ ಅಳತೆಗೆ ಆಗುತ್ತದೆ ನಿಜ, ಆದರೆ ಬಿಡದೆ ಹಾಕಿಕೊಂಡರೆ ವಸಡೂ ನಿಧಾನಕ್ಕೆ ಸೆಟ್ಟಿನ ಅಳತೆಗೆ ಬರುತ್ತದೆ. ಆ ಹಳೆಯ ಸೆಟ್ಟು ದಿನವಿಡೀ ಬಾಯಲ್ಲಿದ್ದರೆ ಆ ಹಳೆಯ ಬಾಯಿ ಯಾಕೆ ಬರಬಾರದು? “ಸ್ವಲ್ಪ ಬಿಗಿ ಇರುತ್ತೆ. ಅಭ್ಯಾಸ ಆಗುತ್ತೆ,” ಎಂದು ಹೇಳಿ ಒತ್ತಿ ಕೂರಿಸಿದಳು. ಅಗಲವಾದ ದವಡೆಯ ಮೇಲೆ ಅದು ಕಟಕ್ಕೆಂದು ಕಚ್ಚಿಕೊಂಡಿತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಅವಳು ಯಾರದೋ ಮೇಲ್ದವಡೆಗೆ ಹಲ್ಲು ಜೋಡಿಸುತ್ತ ಕೂತಿದ್ದಾಗ, ಮನೆಯ ಗಾಜುಗಳೆಲ್ಲ ಅದುರುವಂತೆ ಕೂಗು ಕೇಳಿಸಿತು.

“ಏ ಹುಡುಗಿ! ಏನೇ ಇದು, ಬಾಯಿಗೆ ಇಕ್ಕಳ ಹಾಕಿದ್ದೀಯಾ?”

ಹಲ್ಲುಗಳು ಮೇಜಿನಿಂದ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಸೊಸೆ ಓಡಿದಳು. ಅತ್ತೆ ಸೊಂಟಕ್ಕೆ ಕೈಯಿಟ್ಟುಕೊಂಡು ನಡುಮನೆಯಲ್ಲಿ ನಿಂತಿದ್ದರು, ಕಣ್ಣಲ್ಲಿ ಅದೇ ಹಳೆಯ ಜಗಳಗಂಟಿ ಬೆಳಕು. ಸೊಸೆ ಅವರನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡಳು.

“ಎಲ್ಲಿಗೆ ಹೋಗಿದ್ರಿ ಅತ್ತೆ?”

“ನಾನೆಲ್ಲಿಗೆ ಹೋಗ್ಲಿ? ಬಿಡೇ, ಉಸಿರು ಕಟ್ಟುತ್ತೆ. ನೋಯ್ತಿದೆ ಕಣೇ ಬಾಯಿ, ತೆಗಿ ಇದನ್ನ…”

ಮಾತು ಮುಗಿಯುವ ಮೊದಲೇ ದನಿ ಇಳಿಯಿತು. ತೋಳಿನೊಳಗಿದ್ದ ಮೈ ಮೆಲ್ಲಗೆ ಬಿಗಿಯಾಯಿತು, ಗುರುತಿಲ್ಲದವರು ಮುಟ್ಟಿದರೆ ಆಗುವಂತೆ. “ಕ್ಷಮಿಸಿ,” ಎಂದರು ಅವರು ಪಿಸುಮಾತಿನಲ್ಲಿ, ತಬ್ಬಿಕೊಂಡವಳು ಸೊಸೆಯಾದರೂ.

ಆ ಒಂದು ಕೂಗಿನ ಆಸೆಯ ಮೇಲೆ ಸೊಸೆ ಮುಂದಿನ ದಿನಗಳನ್ನು ದೂಡಿದಳು. ಕೂಗು ಮತ್ತೆ ಬರಲಿಲ್ಲ, ಹುಣ್ಣು ಬಂತು. ಎಡಗಡೆಯ ದಪ್ಪ ಅಂಚು ಆ ನುಣುಪಾದ ದಿಣ್ಣೆಯನ್ನು ಒತ್ತಿ ಒತ್ತಿ ಕೆಂಪು ಮಾಡಿ, ಆಮೇಲೆ ಬಿಳಿ ಮಾಡಿ, ಕೊನೆಗೆ ಸೀಳಿತು. ಹಾಲಿನಲ್ಲಿ ಅದ್ದಿ ಕೊಟ್ಟ ಬ್ರೆಡ್ಡಿನ ಮೇಲೆ ರಕ್ತದ ಎಳೆ ಕಾಣಿಸತೊಡಗಿತು. ಟೈಲರಮ್ಮ ಬಂದು ನೋಡಿದಳು. ಸೊಸೆಯನ್ನು ಬಾಗಿಲ ಹೊರಗೆ ಕರೆದು, “ಕೈಬಿಡಬೇಡಿ. ಒಂದು ಸಲ ಕೂಗಿದ್ದಾರೆ ಅಂದ್ರೆ ಹತ್ತಿರ ಬಂದಿದ್ದಾರೆ. ನಮ್ಮ ಮಾವನ್ನ ನಾವು ಉಪವಾಸ ಕೆಡವಿದ್ವಿ, ಕೋಣೇಲಿ ಕೂಡಿಹಾಕಿದ್ವಿ. ಅಳೋದು ನಮ್ಮೋರಲ್ಲ ಅಂದ್ಕೊಂಡ್ವಿ. ಹಾಗಂದ್ಕೊಂಡ್ರೆ ಕಷ್ಟ ಆಗಲ್ಲ,” ಎಂದಳು.

ಸೊಸೆಯೂ ಹಾಗೆಂದುಕೊಳ್ಳಲು ನೋಡಿದಳು. ಇವಳು ಕಳ್ಳಿ, ನಮ್ಮ ಅತ್ತೆಯ ಮನೆಯೊಳಗೆ ಹೊಕ್ಕವಳು, ನೋಯಲಿ, ಎದ್ದುಹೋಗಲಿ. ಆದರೆ ಆ ಕಳ್ಳಿ ಕೈಗೆ ಸಿಕ್ಕಿದ್ದನ್ನು ಬಿಗಿಹಿಡಿಯುವ ಜಾತಿಯವಳೇ ಅಲ್ಲ. ಪ್ರತಿ ಬೆಳಿಗ್ಗೆ ಕರೆಯುವ ಮೊದಲೇ ಬಂದು ಕುರ್ಚಿಯಲ್ಲಿ ಕೂತು ತಾನಾಗಿ ಬಾಯಿ ತೆರೆಯುತ್ತಿದ್ದಳು. ಸೆಟ್ಟು ಒತ್ತಿ ಕೂರಿಸುವಾಗ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು, ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಗಂಟಲಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ.

“ತುಂಬಾ ನೋಯುತ್ತಾ?” ಎಂದು ಒಂದು ಬೆಳಿಗ್ಗೆ ಸೊಸೆ ಕೇಳಿದಳು.

“ನೋಯುತ್ತಮ್ಮ. ಆದ್ರೆ ನಿಮಗೆ ಒಳ್ಳೇದಾಗೋದಿದ್ರೆ ಹಾಕ್ಕೋತೀನಿ.”

ಸೊಸೆಯ ಕೈ ನಿಂತಿತು. ಕೂಗಿದ ಆ ಮಧ್ಯಾಹ್ನ, ನೋಯ್ತಿದೆ ಕಣೇ, ತೆಗಿ ಇದನ್ನ ಎಂದದ್ದು ಅತ್ತೆ. ಈಗ ಅಳುತ್ತಿರುವುದು ಇವರು. ಹುಣ್ಣು ಮಾತ್ರ ಒಂದೇ, ಸುಕ್ಕುಗಟ್ಟಿದ ಆ ಕೆನ್ನೆಯೂ ಒಂದೇ. ನೋವು ಯಾರ ಪಾಲಿಗೆ ಎಷ್ಟು ಎಂದು ಅವಳಿಗೆ ಹೇಳುವವರು ಯಾರು? ಕೊನೆಗೆ ಆ ಲೆಕ್ಕವನ್ನೇ ಬಿಟ್ಟಳು. ಯಾರದೇ ಬಾಯಾಗಲಿ, ತನ್ನ ಕೈಯಲ್ಲಿ ಮಾಡಿದ ಹಲ್ಲಿನಿಂದ ಅದು ರಕ್ತ ಸುರಿಸುವುದನ್ನು ಇನ್ನೊಂದು ದಿನ ನೋಡಲು ಅವಳಿಂದ ಆಗುತ್ತಿರಲಿಲ್ಲ.

ಸೆಟ್ಟನ್ನು ತೆಗೆದುಕೊಂಡು ಕೆಲಸದ ಮೇಜಿಗೆ ಹೋದಳು. ಉಜ್ಜುವ ಯಂತ್ರ ಗುಂಯ್ಗುಟ್ಟಿತು. ಎಡಗಡೆಯ ಆ ದಪ್ಪ ಅಂಚನ್ನು, ಅತ್ತೆಯ ತಗ್ಗಿಗೆಂದು ಉಸಿರು ಹಿಡಿದು ಮಾಡಿದ್ದನ್ನು, ಮೊದಲು ಚಕ್ರಕ್ಕೆ ಒಡ್ಡಿದಳು. ಒಂದು ಸಲ ಉಜ್ಜಿ ಯಂತ್ರ ನಿಲ್ಲಿಸಿದಳು, ನಡುಮನೆಯ ಕಡೆ ಕಿವಿಗೊಟ್ಟಳು. ಮತ್ತೊಮ್ಮೆ ಉಜ್ಜಿ ಮತ್ತೆ ನಿಲ್ಲಿಸಿದಳು. ಯಾರೂ ಕೂಗಲಿಲ್ಲ. ಆಮೇಲೆ ನಿಲ್ಲಿಸದೆ ಉಜ್ಜಿದಳು. ಗುಲಾಬಿ ಪುಡಿ ಮೇಜಿನ ಮೇಲೂ ಅವಳ ಮುಂಗೈ ಮೇಲೂ ಬಿದ್ದಿತು. ಹೊಸ ಮಾದರಿಯ ಮೇಲಿಟ್ಟು ನೋಡಿದರೆ ಸೆಟ್ಟು ಅಲುಗದೆ ಕೂತಿತು. ಹಳೆಯ ಮಾದರಿಯ ಮೇಲೆ ಇಟ್ಟು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಮುದುಕಿ ಬಾಯಿ ತೆರೆದರು. ಸೆಟ್ಟು ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಯಿತು. ಅವರು ಒಮ್ಮೆ ಕಚ್ಚಿ ನೋಡಿದರು, ನಾಲಿಗೆಯಾಡಿಸಿದರು. ಮುಖವೆಲ್ಲ ಸಡಿಲವಾಗಿ, ಚಿಕ್ಕ ಹುಡುಗಿಯಂತೆ ನಕ್ಕರು.

“ಎಷ್ಟು ಹಿತವಾಯ್ತು! ನಿಮ್ಮ ಕೈ ತಣ್ಣಗಿರಲಿ ತಾಯಿ. ಮನೇಲಿ ಯಾರ್ಯಾರಿದ್ದೀರಿ?”

“ನಾನು, ನಮ್ಮತ್ತೆ.”

“ಅತ್ತೆ ಜೊತೆ ಇದ್ದೀರಾ? ಈ ಕಾಲದಲ್ಲಿ! ಪುಣ್ಯವಂತರು ಅವರು.” ಮುದುಕಿ ಕತ್ತು ಚಾಚಿ ಒಳಗಿನ ಕೋಣೆಯ ಕಡೆ ನೋಡಿದರು. “ಎಲ್ಲಿ, ಕಾಣಿಸಲೇ ಇಲ್ಲ?”

ಸೊಸೆ ಮುಂಗೈ ಮೇಲಿನ ಪುಡಿಯನ್ನು ಊದಲೂ ಆಗದೆ, ಒರೆಸಲೂ ಆಗದೆ ನಿಂತಿದ್ದಳು.

“ಈಗ ತಾನೇ ಹೋದ್ರು,” ಎಂದಳು.

“ಅಯ್ಯೋ, ಗೊತ್ತಾಗಲೇ ಇಲ್ಲ ನೋಡಿ,” ಎಂದು ಮುದುಕಿ ನಿಜವಾಗಿಯೂ ನೊಂದುಕೊಂಡರು. “ಒಂದು ನಿಮಿಷ ಇದ್ದಿದ್ರೆ ಮಾತಾಡಿಸ್ತಿದ್ದೆ.”